ತಾನೆಲ್ಲಿದ್ದೀನಿ ಅಂತ ಕ್ಯಾಮೆರಾಗೆ ಹೇಗೆ ಗೊತ್ತು? ಟ್ರ್ಯಾಕಿಂಗ್ ತಪ್ಪುವುದು, ಮತ್ತೆ ಜಾಗ ಹಿಡಿಯುವುದು

ನಮ್ಮ ಮನೆಯಲ್ಲಿ ನೆಲ ಗುಡಿಸುವ ರೋಬೋ ಒಂದಿದೆ. ದೋಸೆ ಹಂಚಿನಷ್ಟು ಅಗಲ, ತಲೆಯ ಮೇಲೊಂದು ಕ್ಯಾಮೆರಾ. ಮೊನ್ನೆ ಅದು ಹಾಲ್‌ನಲ್ಲಿ ತನ್ನ ಪಾಡಿಗೆ ಗುಡಿಸುತ್ತಿತ್ತು. ದೇವರ ಮನೆ ಹೊಸ್ತಿಲ ಮುಂದೆ ಅಮ್ಮ ಆಗಷ್ಟೇ ರಂಗೋಲಿ ಹಾಕಿದ್ದರು. ರೋಬೋ ಅತ್ತ ಹೊರಟಿದ್ದು ಕಂಡು, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಮಲಗುವ ಕೋಣೆಯಲ್ಲಿ ಬಿಟ್ಟು ಬಂದರು. ಬಿಟ್ಟಿದ್ದೂ ಉಲ್ಟಾ ಮುಖ ಮಾಡಿ.

ಅಲ್ಲಿಂದ ಶುರುವಾಯಿತು. ಮಂಚದ ಕಾಲಿಗೆ ಗುದ್ದಿತು. ಬೀರುವಿಗೆ ಗುದ್ದಿತು. ಗೋಡೆ ಇರುವ ಕಡೆ ಬಾಗಿಲಿದೆ ಅಂದುಕೊಂಡು ಮತ್ತೆ ಮತ್ತೆ ನುಗ್ಗಿತು. ಫೋನ್ ತೆಗೆದು ನಕ್ಷೆ ನೋಡಿದರೆ, ನಮ್ಮ ಹಾಲ್ ಮೇಲೆ ಇನ್ನೊಂದು ಕೋಣೆ ಓರೆಯಾಗಿ ಬಂದು ಕೂತಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇದಕ್ಕೆ ತಾನೆಲ್ಲಿದ್ದೀನಿ ಅಂತ ಗೊತ್ತಿಲ್ಲ, ಸರಿ. ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಾ?"

ರೋಬೋಗಳ ಜೊತೆ ಕೆಲಸ ಮಾಡುವವರು ಈ ಪರಿಸ್ಥಿತಿಗೆ 'ಕಿಡ್ನ್ಯಾಪ್ ಆದ ರೋಬೋ' ಅಂತಲೇ ಹೆಸರಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಅಮ್ಮ ಮಾಡಿದ್ದು ಅಪಹರಣ. ಆದರೆ ಅಮ್ಮ ಕೇಳಿದ ಪ್ರಶ್ನೆ ಇದೆಯಲ್ಲ, ಅದು ಈ ಇಡೀ ತಂತ್ರಜ್ಞಾನದ ಅತಿ ಕಷ್ಟದ ಪ್ರಶ್ನೆ. ವಿಆರ್ ಹೆಡ್‌ಸೆಟ್, ಡ್ರೋನ್, ಗೋದಾಮಿನಲ್ಲಿ ಸಾಮಾನು ಸಾಗಿಸುವ ಗಾಡಿ, ಫೋನಿನಲ್ಲಿ ಸೋಫಾ ಇಟ್ಟು ನೋಡುವ ಆ್ಯಪ್, ಎಲ್ಲವೂ ಇದೇ ಪ್ರಶ್ನೆಯ ಮುಂದೆ ಎಡವುತ್ತವೆ.

ರಾತ್ರಿ ಬಸ್ಸಿನ ಲೆಕ್ಕ

ಮೋಶನ್ ಟ್ರ್ಯಾಕಿಂಗ್ ಕ್ಯಾಮೆರಾ ಅಂದ ತಕ್ಷಣ ಕೆಲವರು ಓಡಾಡುವವರನ್ನು ಹಿಂಬಾಲಿಸುವ ಸಿಸಿಟಿವಿ ಅಂದುಕೊಳ್ಳುತ್ತಾರೆ. ಇಲ್ಲಿ ಹೇಳುತ್ತಿರುವುದು ತನ್ನ ಚಲನೆಯನ್ನು ತಾನೇ ಲೆಕ್ಕ ಹಾಕುವ ಕ್ಯಾಮೆರಾದ ಬಗ್ಗೆ. ಮನೆಯೊಳಗೆ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ. ಸಿಕ್ಕಿದರೂ ಮೀಟರ್‌ಗಟ್ಟಲೆ ತಪ್ಪು ಹೇಳುವ ಜಿಪಿಎಸ್ ಹೆಡ್‌ಸೆಟ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬಿ ಲೆಕ್ಕ ಹಾಕಬೇಕು.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸು ಹತ್ತಿದ್ದೀರಿ ಅಂದುಕೊಳ್ಳಿ. ಕಣ್ಣು ಮುಚ್ಚಿದ್ದೀರಿ, ಆದರೆ ನಿದ್ದೆ ಬಂದಿಲ್ಲ. ತುಮಕೂರು ಬಿಟ್ಟು ಒಂದೂವರೆ ಗಂಟೆ ಆಯಿತು, ಬಸ್ಸು ಎಲ್ಲೂ ಜಾಸ್ತಿ ನಿಂತಿಲ್ಲ, ಅಂದರೆ ತಿಪಟೂರು ಹತ್ತಿರ ಇರಬೇಕು. ಇದು ಅಂದಾಜು. ಆಮೇಲೆ ನಿದ್ದೆ ಹತ್ತುತ್ತದೆ. ಬ್ರೇಕ್ ಹಾಕಿದ ಜರ್ಕಿಗೆ ಎಚ್ಚರವಾಗಿ, ಪರದೆ ಸರಿಸಿ ನೋಡಿದರೆ 'ಅರಸೀಕೆರೆ' ಅನ್ನುವ ಬೋರ್ಡು. ಇದು ಗುರುತು ಹಿಡಿಯುವುದು.

ಮೊದಲನೆಯದು ಟ್ರ್ಯಾಕಿಂಗ್. ಅದಕ್ಕೆ ಹಳೆಯ ನೆನಪು ಬೇಡ. ಹಿಂದಿನ ಕ್ಷಣದಿಂದ ಈ ಕ್ಷಣಕ್ಕೆ ಎಷ್ಟು ಸರಿದೆ ಅನ್ನುವುದನ್ನು ಕೂಡಿಸುತ್ತಾ ಹೋದರೆ ಸಾಕು. ಎರಡನೆಯದು ರೀಲೋಕಲೈಸೇಶನ್, ಅಂದರೆ ಕಳೆದುಹೋದ ಜಾಗವನ್ನು ಮತ್ತೆ ಹಿಡಿಯುವುದು. ಅದಕ್ಕೆ ನೆನಪು ಬೇಕೇ ಬೇಕು. ಅರಸೀಕೆರೆ ಎಲ್ಲಿದೆ ಅಂತ ಮುಂಚೆಯೇ ಗೊತ್ತಿಲ್ಲದವನಿಗೆ ಆ ಬೋರ್ಡು ಏನೂ ಹೇಳುವುದಿಲ್ಲ. ಮಾರುವಾಗ ಎರಡನ್ನೂ ಸೇರಿಸಿ 'ಟ್ರ್ಯಾಕಿಂಗ್' ಅಂತ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಕೂತಲ್ಲೇ ಪಕ್ಕದ ಮನೆಗೆ ಹೋದ ಕ್ಯಾಮೆರಾ

ಇಂಥ ಕ್ಯಾಮೆರಾದ ಒಳಗೆ ಐಎಂಯು ಅನ್ನುವ ಪುಟ್ಟ ಚಿಪ್ ಇರುತ್ತದೆ. ಎಷ್ಟು ತಿರುಗಿದೆ, ವೇಗ ಎಷ್ಟು ಏರುತ್ತಿದೆ ಅಥವಾ ಇಳಿಯುತ್ತಿದೆ ಅನ್ನುವುದನ್ನು ಅದು ಅಳೆಯುತ್ತದೆ. ವೇಗದ ಏರಿಳಿತವನ್ನು ಒಮ್ಮೆ ಕೂಡಿಸಿದರೆ ವೇಗ ಸಿಗುತ್ತದೆ. ಇನ್ನೊಮ್ಮೆ ಕೂಡಿಸಿದರೆ ದೂರ. ಕೇಳಲು ಸುಲಭ, ಅಲ್ವಾ?

ಈಗ ಆ ಚಿಪ್ ಭೂಮಿಯ ಗುರುತ್ವದ ಸಾವಿರದಲ್ಲೊಂದು ಪಾಲಿನಷ್ಟು ತಪ್ಪು ಓದುತ್ತಿದೆ ಅಂದುಕೊಳ್ಳಿ. ಅಗ್ಗದ ಚಿಪ್‌ಗೆ ಇದು ದೊಡ್ಡ ತಪ್ಪೇನಲ್ಲ. ಎರಡು ಸಲ ಕೂಡಿಸುವುದರಿಂದ ತಪ್ಪು ಸಮಯದ ವರ್ಗದಂತೆ ಬೆಳೆಯುತ್ತದೆ. 10 ಸೆಕೆಂಡಿಗೆ ಅರ್ಧ ಮೀಟರ್. ಒಂದು ನಿಮಿಷಕ್ಕೆ 18 ಮೀಟರ್. ಮೇಜಿನ ಮೇಲೆ ಸುಮ್ನೆ ಕೂತ ಕ್ಯಾಮೆರಾ ಒಂದೇ ನಿಮಿಷದಲ್ಲಿ ತಾನು ಪಕ್ಕದ ಮನೆಯಲ್ಲಿದ್ದೇನೆ ಅನ್ನುತ್ತದೆ.

ಇದನ್ನು ಹತೋಟಿಯಲ್ಲಿಡಲು ಲೆನ್ಸ್ ಬೇಕು. ಗೋಡೆಯ ಮೂಲೆ, ಕ್ಯಾಲೆಂಡರ್ ಅಂಚು, ಸ್ವಿಚ್ ಬೋರ್ಡ್, ಹೀಗೆ ಎದ್ದು ಕಾಣುವ ನೂರಾರು ಚುಕ್ಕೆಗಳನ್ನು ಕ್ಯಾಮೆರಾ ಆರಿಸಿಕೊಳ್ಳುತ್ತದೆ. ಮುಂದಿನ ಚಿತ್ರದಲ್ಲಿ ಅವು ಎಷ್ಟು ಸರಿದಿವೆ ಎಂದು ನೋಡುತ್ತದೆ. ಚುಕ್ಕೆಗಳು ಅಲುಗಾಡಿಲ್ಲ ಅಂದರೆ ನಾನೂ ಅಲುಗಾಡಿಲ್ಲ. ತಲೆ ಜೋರಾಗಿ ತಿರುಗಿಸಿದಾಗ ಚಿತ್ರ ಮಸುಕಾಗುತ್ತದೆ. ಆಗ ಚಿಪ್ ಕೈಹಿಡಿಯುತ್ತದೆ. ಚಿಪ್ ಜಾರತೊಡಗಿದಾಗ ಚಿತ್ರ ಎಳೆದು ನಿಲ್ಲಿಸುತ್ತದೆ. ಕಣ್ಣೂ ಕಿವಿಯೊಳಗಿನ ಸಮತೋಲನವೂ ಸೇರಿ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಹಾಗೆ.

ಇಷ್ಟಾದರೂ ಎಲ್ಲ ತಪ್ಪೂ ಹೋಗುವುದಿಲ್ಲ. ಕೆಳಗೆ ಅಂದರೆ ಯಾವ ಕಡೆ ಎಂಬುದನ್ನು ಗುರುತ್ವ ಯಾವಾಗಲೂ ಹೇಳುತ್ತಿರುತ್ತದೆ. ಆದ್ದರಿಂದ ವಾಲುವಿಕೆಯ ಲೆಕ್ಕ ಹೆಚ್ಚು ಜಾರುವುದಿಲ್ಲ. ಆದರೆ ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಎಷ್ಟು ಬಂದೆ, ಮುಖ ಯಾವ ದಿಕ್ಕಿಗಿದೆ, ಈ ನಾಲ್ಕಕ್ಕೆ ಅಂಥ ಆಧಾರವಿಲ್ಲ. ಇವು ನಿಧಾನವಾಗಿ ಜಾರುತ್ತಲೇ ಇರುತ್ತವೆ. ದಿಕ್ಕಿನ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. ಒಂದೇ ಒಂದು ಡಿಗ್ರಿ ತಪ್ಪಿದರೂ 100 ಮೀಟರ್ ನಡೆಯುವಷ್ಟರಲ್ಲಿ ಸುಮಾರು ಒಂದು ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಈ ಜಾರುವಿಕೆಗೇ ಡ್ರಿಫ್ಟ್ ಅನ್ನುತ್ತಾರೆ. ಇದು ಕೆಟ್ಟುಹೋದ ಯಂತ್ರದ ಲಕ್ಷಣವಲ್ಲ. ಕೂಡಿಸುವ ಲೆಕ್ಕದ ಹುಟ್ಟುಗುಣ.

ಶೇಕಡಾ 1 ಅಂದರೆ ಎಷ್ಟು?

ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಪುಟ್ಟ ಸಾಧನ ಇಂಟೆಲ್‌ನ ರಿಯಲ್‌ಸೆನ್ಸ್ ಟಿ265. 2019ರ ಜನವರಿಯಲ್ಲಿ ಬಂತು. ಬೆಲೆ 199 ಡಾಲರ್, ತೂಕ 55 ಗ್ರಾಂ. ಎರಡು ಮೀನುಗಣ್ಣಿನ ಲೆನ್ಸ್, ಒಂದು ಐಎಂಯು, ಲೆಕ್ಕ ಹಾಕಲು ಒಳಗೇ ಒಂದು ಮೊವಿಡಿಯಸ್ ಚಿಪ್. ಬಳಸುವುದು ಒಂದೂವರೆ ವ್ಯಾಟ್ ಮಾತ್ರ. ಸೆಕೆಂಡಿಗೆ 200 ಸಲ 'ನಾನು ಇಲ್ಲಿದ್ದೇನೆ' ಎಂದು ಹೇಳುತ್ತಿತ್ತು. ಯುಎಸ್‌ಬಿ ಚುಚ್ಚಿದರೆ ಸಾಕು ಅನ್ನುವಷ್ಟು ಸರಳವಾಗಿದ್ದರಿಂದ ರೋಬೋ, ಡ್ರೋನ್ ಮಾಡುವವರು ಮುಗಿಬಿದ್ದು ಕೊಂಡರು. 2021ರಲ್ಲಿ ಇಂಟೆಲ್ ಈ ವಿಭಾಗವನ್ನು ಕಿರಿದು ಮಾಡಿದಾಗ ಟಿ265ಕ್ಕೂ ಮಂಗಳ ಹಾಡಿತು. ರಿಯಲ್‌ಸೆನ್ಸ್ 2025ರ ಜುಲೈನಲ್ಲಿ ಬೇರೆ ಕಂಪನಿಯಾಗಿ ಹೊರಬಂದಿದೆ. ಆದರೆ ಅದರ ಹೊಸ ಸಾಫ್ಟ್‌ವೇರ್ ಈ ಹಳೆಯ ಕ್ಯಾಮೆರಾವನ್ನು ಗುರುತಿಸುವುದಿಲ್ಲ. ಬೇಕೆಂದರೆ ಹಳೆಯ ಆವೃತ್ತಿಯನ್ನೇ ಇಟ್ಟುಕೊಳ್ಳಬೇಕು.

ಅದರ ಜಾಹೀರಾತಿನಲ್ಲಿದ್ದ ಮಾತು: ಡ್ರಿಫ್ಟ್ ಶೇಕಡಾ 1ಕ್ಕಿಂತ ಕಡಿಮೆ. ಅಂದರೆ 100 ಮೀಟರ್ ನಡೆದರೆ ಒಂದು ಮೀಟರ್ ಒಳಗೆ. ಇಂಥ ಸಂಖ್ಯೆಗಳ ಬಗ್ಗೆ ನನಗೆ ಒಂದು ತಕರಾರಿದೆ. ಈ ಒಂದೇ ಕಂಪನಿಯ ಮೇಲಲ್ಲ, ಎಲ್ಲರ ಮೇಲೂ.

ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದು ಹೇಗೆ? ಒಂದು ಜಾಗದಿಂದ ಹೊರಟು, ಒಂದು ಸುತ್ತು ಹಾಕಿ, ಅಲ್ಲಿಗೇ ವಾಪಸು ಬರುವುದು. ಶುರುವಿಗೂ ಕೊನೆಗೂ ಎಷ್ಟು ವ್ಯತ್ಯಾಸ ಬಂತು ಎಂದು ನೋಡುವುದು. ಆದರೆ ಹೊರಟ ಜಾಗಕ್ಕೆ ವಾಪಸು ಬಂದಾಗ ಕ್ಯಾಮೆರಾ ಅದನ್ನು ಗುರುತು ಹಿಡಿಯುತ್ತದೆ. 'ಓಹ್, ಇಲ್ಲಿಗೆ ಮುಂಚೆ ಬಂದಿದ್ದೆ' ಎಂದು ಇಡೀ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಕೊನೆಯ ಗೆರೆಯಲ್ಲಿ ತಪ್ಪು ಸೊನ್ನೆಯ ಹತ್ತಿರ. ದಾರಿಯ ನಡುವೆ ಎರಡು ಮೀಟರ್ ಆಚೆ ಇದ್ದದ್ದು ಎಲ್ಲೂ ದಾಖಲಾಗುವುದಿಲ್ಲ. ನೀವು ಅಳೆದದ್ದು ನೆನಪಿನ ಶಕ್ತಿಯನ್ನು, ನಡಿಗೆಯ ಲೆಕ್ಕವನ್ನಲ್ಲ. ಡ್ರೋನ್ ಮರಕ್ಕೆ ಗುದ್ದುವುದು ಆ ನಡುವಿನ ದಾರಿಯಲ್ಲೇ.

ಇನ್ನೊಂದು ಸೂಕ್ಷ್ಮವೂ ಇದೆ. ಕೈಯಲ್ಲಿ ಹಿಡಿದು ಓಡಾಡಿದಾಗ ಚೆನ್ನಾಗಿ ಕೆಲಸ ಮಾಡುವ ಕ್ಯಾಮೆರಾ, ಚಕ್ರದ ಗಾಡಿಯ ಮೇಲೆ ಕೂರಿಸಿದಾಗ ತಡವರಿಸುವುದುಂಟು. ಕೈ ಅಲ್ಲಾಡುತ್ತಿರುತ್ತದೆ, ಆದ್ದರಿಂದ ಚಿಪ್‌ಗೆ ಅಳೆಯಲು ಏನಾದರೂ ಸಿಗುತ್ತದೆ. ಗಾಡಿ ಒಂದೇ ವೇಗದಲ್ಲಿ ನೇರ ಹೋದರೆ ವೇಗದ ಏರಿಳಿತವೇ ಇಲ್ಲ. ಚಿಪ್ ಮೌನ. ದೂರದ ಅಳತೆಗೆ ಎರಡು ಲೆನ್ಸ್‌ಗಳ ನಡುವಿನ ನಾಲ್ಕು ಬೆರಳಿನಷ್ಟು ಅಂತರವನ್ನೇ ನಂಬಬೇಕು. ಹತ್ತಿರದ ವಸ್ತುಗಳಿಗೆ ಅದು ಸಾಕು, ದೊಡ್ಡ ಹಾಲ್‌ನ ಆಚೆ ಗೋಡೆಗೆ ಸಾಲದು. ಚಕ್ರ ಎಷ್ಟು ಸುತ್ತಿತು ಅನ್ನುವ ಮಾಹಿತಿಯನ್ನೂ ಕೊಡಿ ಎಂದು ಇಂಟೆಲ್ ಅದಕ್ಕೆ ಬೇರೆ ದಾರಿಯನ್ನೇ ಇಟ್ಟಿತ್ತು.

ಮಂಗಳನ ಮರಳಿನಲ್ಲಿ

ಈ ಸಮಸ್ಯೆಯನ್ನು ಬಿಡಿಸಿ ಹೇಳಲು ಇಂಜೆನ್ಯುಯಿಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಾಸಾದ ಈ 1.8 ಕಿಲೋ ತೂಕದ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಮಂಗಳನಲ್ಲಿ ಮೊದಲ ಸಲ ಹಾರಿತು. ಐದು ಸಲ ಹಾರಿದರೆ ಹೆಚ್ಚು ಅಂದುಕೊಂಡಿದ್ದರು. 72 ಸಲ ಹಾರಿತು. ಮಂಗಳನಲ್ಲಿ ಜಿಪಿಎಸ್ ಇಲ್ಲ. ದಿಕ್ಸೂಚಿ ನಂಬುವಂಥ ಕಾಂತಕ್ಷೇತ್ರವೂ ಇಲ್ಲ. ಭೂಮಿಯಿಂದ ಸಿಗ್ನಲ್ ಹೋಗಲು ನಿಮಿಷಗಳೇ ಬೇಕಾದ್ದರಿಂದ ಇಲ್ಲಿಂದ ಯಾರೂ ಹಾರಿಸಲು ಆಗುವುದಿಲ್ಲ. ಹೊಟ್ಟೆಯ ಕೆಳಗೆ ನೆಲ ನೋಡುವ ಕಪ್ಪು-ಬಿಳುಪು ಕ್ಯಾಮೆರಾ, ಸೆಕೆಂಡಿಗೆ 30 ಚಿತ್ರ, ಜೊತೆಗೊಂದು ಐಎಂಯು. ನಮ್ಮ ಹೆಡ್‌ಸೆಟ್‌ಗಳಲ್ಲಿ ಇರುವಂಥದ್ದೇ ಏರ್ಪಾಡು. ಮುಖ್ಯ ವ್ಯತ್ಯಾಸ, ಅದು ನಕ್ಷೆಯನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬರೀ ನಡಿಗೆಯ ಲೆಕ್ಕ.

ಆರನೆಯ ಹಾರಾಟ, 2021ರ ಮೇ 22. ಹಾರಿ ಸುಮಾರು 54 ಸೆಕೆಂಡ್ ಆದಾಗ ಒಂದು ಚಿತ್ರ ದಾರಿಯಲ್ಲೇ ಕಳೆದುಹೋಯಿತು. ಒಂದೇ ಒಂದು ಚಿತ್ರ. ಅದು ಹೋದದ್ದು ದೊಡ್ಡದಲ್ಲ. ಆದರೆ ಅದರ ನಂತರ ಬಂದ ಎಲ್ಲ ಚಿತ್ರಗಳಿಗೂ ತಪ್ಪು ಸಮಯದ ಚೀಟಿ ಅಂಟಿಕೊಂಡಿತು. ಟೋಕನ್ ಕೊಡುವಾಗ ಒಂದು ನಂಬರ್ ಹಾರಿಹೋದರೆ ಹಿಂದಿನವರೆಲ್ಲ ತಪ್ಪು ಕೌಂಟರ್‌ಗೆ ಹೋಗಿ ನಿಲ್ಲುವ ಹಾಗೆ. ಈ ಚಿತ್ರ ತೆಗೆದಾಗ ನಾನು ಇಲ್ಲಿರಬೇಕಿತ್ತು, ಆದರೆ ನೆಲ ಬೇರೆ ಹೇಳುತ್ತಿದೆಯಲ್ಲ ಎಂದು ಹೆಲಿಕಾಪ್ಟರ್ ತಿದ್ದಿಕೊಂಡಿತು. ಮರುಕ್ಷಣ ಮತ್ತೆ ತಿದ್ದಿಕೊಂಡಿತು. ಕುಡಿದವರ ಥರ 20 ಡಿಗ್ರಿಗೂ ಹೆಚ್ಚು ವಾಲಾಡಿತು. ಆದರೂ ಇಳಿಯಬೇಕಾದ ಜಾಗದಿಂದ ಸುಮಾರು 5 ಮೀಟರ್ ಒಳಗೆ ಕ್ಷೇಮವಾಗಿ ಇಳಿಯಿತು. ಕಾರಣ? ಇಳಿಯುವ ಕೊನೆಯ ಹಂತದಲ್ಲಿ ಕ್ಯಾಮೆರಾದ ಮಾತು ಕೇಳಲೇಬೇಡ ಎಂದು ಎಂಜಿನಿಯರ್‌ಗಳು ಮುಂಚೆಯೇ ಬರೆದಿಟ್ಟಿದ್ದರು. ಯಾರ ಮಾತನ್ನು ಯಾವಾಗ ಕೇಳಬಾರದು ಅಂತ ಗೊತ್ತಿದ್ದ ಯಂತ್ರ ಅದು.

ಎಪ್ಪತ್ತೆರಡನೆಯದರಲ್ಲಿ ಅದೃಷ್ಟ ಕೈಕೊಟ್ಟಿತು. 2024ರ ಜನವರಿ 18. ಅದರ ಹಿಂದಿನ ಹಾರಾಟ ಅರ್ಧಕ್ಕೇ ನಿಂತು, ತುರ್ತಾಗಿ ಇಳಿದಿತ್ತು. ತಾನು ಸರಿಯಾಗಿ ಎಲ್ಲಿದ್ದೇನೆ ಎಂದು ನೋಡಿಕೊಳ್ಳಲೆಂದೇ ಈ ಸಲ ನೇರ ಮೇಲೆದ್ದು ಕೆಳಗಿಳಿಯುವ ಪುಟ್ಟ ಹಾರಾಟ ಇಟ್ಟುಕೊಂಡಿದ್ದರು. ಬಸ್ಸಿನ ಪರದೆ ಸರಿಸಿ ಬೋರ್ಡು ನೋಡುವ ಕೆಲಸ, ಅಷ್ಟೇ. 12 ಮೀಟರ್ ಏರಿತು. ಕೆಳಗೆ ಬರೀ ಮರಳಿನ ಅಲೆಗಳು. ಕಲ್ಲಿಲ್ಲ, ಮೂಲೆಯಿಲ್ಲ, ಹಿಡಿದುಕೊಳ್ಳಲು ಒಂದು ಚುಕ್ಕೆಯಿಲ್ಲ. ಮೇಲೆದ್ದು 20 ಸೆಕೆಂಡಿನ ಹೊತ್ತಿಗೆ ಟ್ರ್ಯಾಕಿಂಗ್‌ಗೆ ಬೇಕಾದಷ್ಟು ಗುರುತು ಸಿಗಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ತನಿಖೆಯವರು ಹೇಳಿದ ಪ್ರಕಾರ ಹೀಗಾಗಿರುವ ಸಾಧ್ಯತೆ ಹೆಚ್ಚು: ಪಕ್ಕಕ್ಕೆ ಸರಿಯುತ್ತಿದ್ದೇನೆ ಎಂಬುದೇ ಗೊತ್ತಾಗದೆ ಅದು ಇಳಿಯಿತು, ಇಳಿಜಾರಿನ ಮರಳಿಗೆ ಜೋರಾಗಿ ಬಡಿದು ಥಟ್ಟನೆ ವಾಲಿತು, ಆ ರಭಸಕ್ಕೆ ರೆಕ್ಕೆಗಳು ಮುರಿದವು. ಮೂರು ವರ್ಷ ಮಂಗಳನ ಚಳಿ ತಡೆದ ಯಂತ್ರ ಬೋಳು ನೆಲಕ್ಕೆ ಸೋತಿತು.

ನಮ್ಮ ಮನೆಗಳಲ್ಲೂ ಆ ಮರಳಿದೆ. ಹೊಸದಾಗಿ ಬಿಳಿ ಬಣ್ಣ ಹೊಡೆಸಿದ ಖಾಲಿ ಗೋಡೆ. ಗುರುತಿಲ್ಲದ ಒಂದೇ ಬಣ್ಣದ ನೆಲ. ಹೆಡ್‌ಸೆಟ್ ಹಾಕಿಕೊಂಡು ಅಂಥ ಗೋಡೆಗೆ ಮುಖ ಮಾಡಿ ನಿಂತು ನೋಡಿ.

ಮರೆತ ಪುಟ ಹುಡುಕುವುದು

ಸರಿ, ದಾರಿ ತಪ್ಪಿತು. ವಾಪಸು ಬರುವುದು ಹೇಗೆ?

ನಡೆಯುತ್ತಾ ಹೋಗುವಾಗ ಕ್ಯಾಮೆರಾ ಅಲ್ಲಲ್ಲಿ ಒಂದೊಂದು ಚಿತ್ರವನ್ನು ತೆಗೆದಿಟ್ಟುಕೊಳ್ಳುತ್ತದೆ. ಪೂರ್ತಿ ಚಿತ್ರವನ್ನಲ್ಲ, ಅದರ ಚುಕ್ಕೆಗಳ ವಿವರಣೆಯನ್ನು. ಓಆರ್‌ಬಿ ಎಂಬ ಪ್ರಸಿದ್ಧ ವಿಧಾನದಲ್ಲಿ ಪ್ರತಿ ಚುಕ್ಕೆಗೂ 256 ಹೌದು-ಇಲ್ಲಗಳ ಒಂದು ಸಾಲು. ಈ ಬಿಂದು ಆ ಬಿಂದುವಿಗಿಂತ ಹೊಳಪಾಗಿದೆಯಾ? ಹೌದು. ಇದು ಅದಕ್ಕಿಂತ? ಇಲ್ಲ. ಒಂದೇ ಥರದ ಸಾಲುಗಳನ್ನೆಲ್ಲ ಗುಂಪು ಮಾಡಿ, ಪ್ರತಿ ಗುಂಪನ್ನೂ ಒಂದು 'ಪದ' ಅಂತ ಕರೆದರೆ, ಪ್ರತಿ ಚಿತ್ರವೂ ಪದಗಳ ಒಂದು ಪುಟವಾಗುತ್ತದೆ.

ಈಗ ಹುಡುಕುವುದು ಸುಲಭ. 'ಮತ್ತು' ಅನ್ನುವ ಪದ ಎಲ್ಲ ಪುಟದಲ್ಲೂ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. 'ಗಂಡಭೇರುಂಡ' ಅನ್ನುವ ಪದ ಸಿಕ್ಕರೆ ಪುಟ ಸಿಕ್ಕಿದ ಹಾಗೆಯೇ. ಸಾಮಾನ್ಯ ಪದಕ್ಕೆ ಕಡಿಮೆ ಬೆಲೆ, ಅಪರೂಪದ ಪದಕ್ಕೆ ಜಾಸ್ತಿ ಬೆಲೆ. ಸ್ಪೇನ್‌ನ ಸರಗೋಸಾ ವಿಶ್ವವಿದ್ಯಾಲಯದವರು 2015ರಲ್ಲಿ ಹೊರತಂದ ಓಆರ್‌ಬಿ-ಸ್ಲ್ಯಾಮ್ ಎಂಬ ಸಾಫ್ಟ್‌ವೇರ್ ಇದೇ ಉಪಾಯದಿಂದ ದಾರಿ ಹುಡುಕುತ್ತದೆ.

ಪುಟ ಸಿಕ್ಕಿದ ಮೇಲೆ ಜ್ಯಾಮಿತಿಯ ತಾಳೆ. ಹೊಂದಿಕೆಯಾದ ಚುಕ್ಕೆಗಳಲ್ಲಿ ಮೂರ್ನಾಲ್ಕನ್ನು ಆರಿಸಿ, ಇವು ನಿಜವಾಗಿದ್ದರೆ ನಾನು ಎಲ್ಲಿರಬೇಕು ಎಂದು ಲೆಕ್ಕ ಹಾಕುತ್ತದೆ. ಉಳಿದ ಎಷ್ಟು ಚುಕ್ಕೆಗಳು ಅದನ್ನು ಒಪ್ಪುತ್ತವೆ ಎಂದು ಎಣಿಸುತ್ತದೆ. ಒಪ್ಪದಿದ್ದರೆ ಬೇರೆ ಮೂರ್ನಾಲ್ಕು. ಪಂಚಾಯಿತಿಯಲ್ಲಿ ಸಾಕ್ಷಿ ಕೇಳಿದ ಹಾಗೆ. ರ‍್ಯಾನ್ಸ್ಯಾಕ್ ಎಂಬ ಈ ವಿಧಾನ 1981ರಷ್ಟು ಹಳೆಯದು, ಇವತ್ತಿಗೂ ಚಲಾವಣೆಯಲ್ಲಿದೆ.

ಇಷ್ಟೆಲ್ಲ ತಾಳೆ ಯಾಕೆ ಅಂದರೆ, ತಪ್ಪಾಗಿ ಗುರುತು ಹಿಡಿಯುವುದು ಗುರುತು ಸಿಗದಿರುವುದಕ್ಕಿಂತ ಅಪಾಯ. ಬಸ್ಸಿನಲ್ಲಿ ಎಚ್ಚರವಾದಾಗ ಬೋರ್ಡು ಕಾಣಲಿಲ್ಲ, ಪ್ಲಾಟ್‌ಫಾರ್ಮ್, ಟೀ ಅಂಗಡಿ, ಸೌತೆಕಾಯಿ ಮಾರುವವರು ಕಂಡರು ಅಂದುಕೊಳ್ಳಿ. ತರೀಕೆರೆ ಎಂದು ಕಡೂರಿನಲ್ಲಿ ಇಳಿದುಬಿಟ್ಟರೆ? ಸುಮ್ನೆ ಕೂತಿದ್ದರೆ ಊರು ತಾನಾಗಿ ಬರುತ್ತಿತ್ತು. ಅಪಾರ್ಟ್‌ಮೆಂಟ್‌ಗಳಲ್ಲಿ ಇದು ದಿನನಿತ್ಯದ ಸಂಗತಿ. ಮೂರನೆಯ ಮಹಡಿಯ ಕಾರಿಡಾರ್‌ಗೂ ಏಳನೆಯದಕ್ಕೂ ವ್ಯತ್ಯಾಸವೇ ಇಲ್ಲ. ಅದೇ ಬಾಗಿಲು, ಅದೇ ಟೈಲ್ಸ್, ಅದೇ ಬೆಂಕಿ ಆರಿಸುವ ಸಿಲಿಂಡರ್. ಲಿಫ್ಟ್‌ನಿಂದ ಹೊರಬಂದ ಕ್ಯಾಮೆರಾ ಏಳನೆಯ ಮಹಡಿಯನ್ನು ಮೂರನೆಯದೆಂದು ನಂಬಿದರೆ, ಎರಡೂ ಮಹಡಿಗಳು ನಕ್ಷೆಯಲ್ಲಿ ಒಂದರೊಳಗೊಂದು ಸೇರಿಹೋಗುತ್ತವೆ. ಆಮೇಲೆ ಆ ನಕ್ಷೆಯನ್ನು ಬಿಡಿಸುವುದು ಕಷ್ಟ. ಅಳಿಸಿ ಹೊಸದಾಗಿ ಮಾಡುವುದೇ ಲೇಸು.

ಸರಿಯಾದ ಉತ್ತರದಿಂದಲೂ ತೊಂದರೆ

ಇಲ್ಲಿ ಒಂದು ವಿಚಿತ್ರವಿದೆ. ಗುರುತು ಸರಿಯಾಗಿಯೇ ಸಿಕ್ಕಿತು ಅನ್ನಿ. ಕ್ಯಾಮೆರಾ ಅರ್ಧ ಮೀಟರ್ ತಪ್ಪಿತ್ತು, ಈಗ ಸರಿಯಾಯಿತು. ಆದರೆ ಅದನ್ನು ನಂಬಿಕೊಂಡು ಹಾರುತ್ತಿರುವ ಡ್ರೋನ್‌ಗೆ ಹೇಗೆ ಕಾಣುತ್ತದೆ? ಒಂದು ಕ್ಷಣದಲ್ಲಿ ತಾನು ಅರ್ಧ ಮೀಟರ್ ಪಕ್ಕಕ್ಕೆ ಎಸೆಯಲ್ಪಟ್ಟ ಹಾಗೆ. ಗಾಳಿ ತಳ್ಳಿತು ಅಂದುಕೊಂಡು ಅದು ಮೋಟಾರ್ ಜೋರು ಮಾಡಿ ವಾಪಸು ನುಗ್ಗುತ್ತದೆ. ತಪ್ಪಾಗಿದ್ದಾಗ ನೆಟ್ಟಗೆ ಹಾರುತ್ತಿದ್ದದ್ದು, ಸರಿಯಾದ ಕೂಡಲೇ ಗೋಡೆಗೆ ಗುದ್ದುತ್ತದೆ. ಹೆಡ್‌ಸೆಟ್‌ನಲ್ಲಾದರೆ ಇಡೀ ಲೋಕ ಒಮ್ಮೆ ಜಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ.

ಟಿ265ದಲ್ಲಿ ಇದಕ್ಕೆಂದೇ ಬೇರೆ ಬೇರೆ ಸ್ವಿಚ್ ಇದ್ದವು. ನಕ್ಷೆ ಮಾಡಬೇಕೋ ಬೇಡವೋ, ಗುರುತು ಹಿಡಿಯಬೇಕೋ ಬೇಡವೋ, ಹಿಡಿದಾಗ ಜಿಗಿಯಬೇಕೋ ಬೇಡವೋ. ಮೂರೂ ಬೇರೆ ಪ್ರಶ್ನೆಗಳು ಎಂಬುದು ಎಷ್ಟೋ ಜನಕ್ಕೆ ಹೊಳೆಯುವುದು ಒಂದು ಡ್ರೋನ್ ಮುರಿದ ಮೇಲೆ.

ರೋಬೋ ಮಾಡುವವರು ಕಂಡುಕೊಂಡ ದಾರಿ ನಮ್ಮ ದಿನಸಿ ಅಂಗಡಿಯದ್ದೇ. ಅಂಗಡಿಯಲ್ಲಿ ಕಿರ್ದಿ ಪುಸ್ತಕ ಬೇರೆ, ಖಾತೆ ಪುಸ್ತಕ ಬೇರೆ. ಕಿರ್ದಿಯಲ್ಲಿ ಆದದ್ದನ್ನು ಆದ ಹಾಗೆ, ಒಂದರ ಕೆಳಗೊಂದು ಬರೆಯುತ್ತಾ ಹೋಗುತ್ತಾರೆ, ಹಿಂದಿನದನ್ನು ತಿದ್ದುವುದಿಲ್ಲ. ತಾಳೆ ನೋಡಿ ಸರಿಪಡಿಸುವುದೆಲ್ಲ ಖಾತೆಯಲ್ಲಿ. ರೋಬೋಗಳಿಗೆಂದೇ ಇರುವ ಆರ್‌ಓಎಸ್ ಎಂಬ ಸಾಫ್ಟ್‌ವೇರ್‌ನಲ್ಲೂ 'ಓಡಮ್' ಮತ್ತು 'ಮ್ಯಾಪ್' ಅಂತ ಎರಡು ಲೆಕ್ಕ. ಓಡಮ್ ಲೆಕ್ಕ ನಿಧಾನವಾಗಿ ಜಾರಬಹುದು, ಆದರೆ ಯಾವತ್ತೂ ಜಿಗಿಯಬಾರದು. ಮ್ಯಾಪ್ ಲೆಕ್ಕ ಜಿಗಿಯಬಹುದು, ಆದರೆ ದೂರ ಜಾರಿಹೋಗಬಾರದು. ಮುಂದಿನ ಅರ್ಧ ಸೆಕೆಂಡಿನಲ್ಲಿ ಮೋಟಾರ್ ಏನು ಮಾಡಬೇಕು ಅನ್ನುವುದಕ್ಕೆ ಓಡಮ್. ಅಡುಗೆ ಮನೆ ಯಾವ ಕಡೆ ಅನ್ನುವುದಕ್ಕೆ ಮ್ಯಾಪ್. ಡ್ರೋನ್‌ಗಳು ಸಂದೇಶ ಕಳಿಸಲು ಬಳಸುವ ಮ್ಯಾವ್‌ಲಿಂಕ್ ಭಾಷೆಯಲ್ಲಿ ಇನ್ನೂ ನೇರ. ಜಾಗದ ಸಂದೇಶದಲ್ಲೇ ಒಂದು ಎಣಿಕೆ ಇದೆ. ಲೆಕ್ಕ ಜಿಗಿದಾಗಲೆಲ್ಲ ಅದನ್ನು ಒಂದು ಹೆಚ್ಚಿಸಬೇಕು. ಸಂಖ್ಯೆ ಬದಲಾಯಿತೆಂದರೆ, ನೀನು ಸರಿದಿಲ್ಲ ಮಾರಾಯ, ನಾನು ಲೆಕ್ಕ ತಿದ್ದಿದೆ ಅಂತ ಅರ್ಥ.

ತಾಳೆ ನೋಡಿ ತಪ್ಪನ್ನು ಹಂಚುವ ಈ ಕೆಲಸ ಕ್ಯಾಮೆರಾಗಳಿಗಿಂತ ಬಹಳ ಹಳೆಯದು. 1802ರ ಏಪ್ರಿಲ್ 10ರಂದು ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಹಿಡಿದು ನೆಲದ ಮೇಲೊಂದು ಗೆರೆ ಅಳೆಯಲು ಶುರು ಮಾಡಿದರು. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತಾ ಪಶ್ಚಿಮಕ್ಕೆ ಬಂದರು. ಪ್ರತಿ ತ್ರಿಕೋನಕ್ಕೂ ಒಂದಿಷ್ಟು ತಪ್ಪು ಸೇರುತ್ತಾ ಹೋಗುತ್ತದೆ. ಅದಕ್ಕೇ 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆಯನ್ನು ನೆಲದ ಮೇಲೇ ಅಳೆಸಿ, ತ್ರಿಕೋನದ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ, ಡ್ರಿಫ್ಟ್ ಎಷ್ಟಾಗಿದೆ ಎಂದು ಪರೀಕ್ಷಿಸಿದರು.

ಇನ್ನೂ ಹತ್ತಿರದ ಕಥೆ ಚಂದ್ರಯಾನ-3. ವಿಕ್ರಮ್ ಲ್ಯಾಂಡರ್‌ನಲ್ಲಿ ಎಲ್‌ಪಿಡಿಸಿ ಎಂಬ ಕ್ಯಾಮೆರಾ ಇತ್ತು. ಕೆಳಗಿನ ನೆಲದ ಚಿತ್ರ ತೆಗೆದು, ಮುಂಚೆಯೇ ತುಂಬಿಸಿಟ್ಟ ಚಂದ್ರನ ನಕ್ಷೆಯೊಂದಿಗೆ ಹೋಲಿಸಿ, ತಾನು ಯಾವ ಅಕ್ಷಾಂಶ-ರೇಖಾಂಶದಲ್ಲಿದ್ದೇನೆ ಎಂದು ಕಂಡುಕೊಳ್ಳುವುದೇ ಅದರ ಕೆಲಸ. 2023ರ ಆಗಸ್ಟ್ 23ರ ಸಂಜೆ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ ನೇರ ಪ್ರಸಾರ ನೋಡುತ್ತಾ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವಲ್ಲ, ಆಗ ಲ್ಯಾಂಡರ್‌ನೊಳಗೆ ನಡೆದ ಕೆಲಸಗಳಲ್ಲಿ ಇದೂ ಒಂದು. ಪಕ್ಕಕ್ಕೆ ಸರಿಯುವ ವೇಗ ನೋಡಲು ಬೇರೆಯೇ ಕ್ಯಾಮೆರಾ ಇತ್ತು. ಎರಡು ಕೆಲಸಕ್ಕೆ ಎರಡು ಕಣ್ಣು.

ಮನೆಯೊಳಗಿನ ಕಿರಿಕಿರಿಗಳು

ಚಂದ್ರನ ಮೇಲೆ ಯಾರೂ ಸೋಫಾ ಜಾಗ ಬದಲಿಸುವುದಿಲ್ಲ. ಮನೆಯಲ್ಲಿ ಬದಲಿಸುತ್ತಾರೆ. ದೀಪಾವಳಿಗೆ ಮನೆ ತೊಳೆದು, ಪರದೆ ಬದಲಿಸಿ, ಟಿವಿಯನ್ನು ಇನ್ನೊಂದು ಗೋಡೆಗೆ ಹಾಕಿದರೆ ಕ್ಯಾಮೆರಾ ಪಾಲಿಗೆ ಅದು ಹೊಸ ಮನೆ. ಮಧ್ಯಾಹ್ನದ ಕಿಟಕಿ ಬೆಳಕಿನಲ್ಲಿ ಮಾಡಿದ ನಕ್ಷೆ, ಸಂಜೆ ಟ್ಯೂಬ್‌ಲೈಟಿನಲ್ಲಿ ಅರ್ಧ ಹೊಂದುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದ್ದು 60 ಹರ್ಟ್ಸ್. ಅಲ್ಲಿಂದ ತಂದ ಹೆಡ್‌ಸೆಟ್ ಇಲ್ಲಿ ಒಂದೇ ಸಮನೆ ತಡವರಿಸಿದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಈ ಸಂಖ್ಯೆ ನೋಡಿ. ಹಬ್ಬಕ್ಕೆ ಕಟ್ಟಿದ ಸೀರಿಯಲ್ ಸೆಟ್ ಇನ್ನೊಂದು ಶತ್ರು. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳ ಪುಟ್ಟ ಬೆಳಕಿನ ಚುಕ್ಕೆಗಳೆಂದು ಅವನ್ನು ತಪ್ಪು ತಿಳಿಯುವ ಸಂಭವವಿದೆ.

ಬಸ್ಸು, ರೈಲು, ವಿಮಾನದಲ್ಲಂತೂ ಕಣ್ಣಿಗೂ ಚಿಪ್‌ಗೂ ಜಗಳ. ಮುಂದಿನ ಸೀಟು ಅಲ್ಲೇ ಇದೆ, ನಾನು ಸರಿದಿಲ್ಲ ಅನ್ನುತ್ತದೆ ಕಣ್ಣು. ತಿರುವು ತೆಗೆದುಕೊಂಡೆವು ಅನ್ನುತ್ತದೆ ಚಿಪ್. ಇಬ್ಬರೂ ಹೇಳುವುದು ನಿಜವೇ. ಆ್ಯಪಲ್‌ನ ವಿಷನ್ ಪ್ರೋ ಮತ್ತು ಮೆಟಾದ ಕ್ವೆಸ್ಟ್ ಹೆಡ್‌ಸೆಟ್‌ಗಳಲ್ಲಿ 'ಟ್ರಾವೆಲ್ ಮೋಡ್' ಬಂದದ್ದು ಈ ಜಗಳ ಬಿಡಿಸಲಿಕ್ಕೆ.

ನೆನಪಿಗೆ ಇನ್ನೊಂದು ಬೆಲೆಯೂ ಇದೆ. ಚುಕ್ಕೆಗಳ ನಕ್ಷೆಯಿಂದ ಮನೆಯ ಗುಟ್ಟು ಗೊತ್ತಾಗುವುದಿಲ್ಲ ಎಂದು ಬಹಳ ದಿನ ನಂಬಿದ್ದರು. ಅಂಥ ಚುಕ್ಕೆಗಳಿಂದಲೇ ಕೋಣೆಯ ಚಿತ್ರವನ್ನು ಗುರುತು ಸಿಗುವಷ್ಟು ಮತ್ತೆ ಬರೆಯಬಹುದು ಎಂದು 2019ರಲ್ಲಿ ಸಂಶೋಧಕರು ತೋರಿಸಿದರು. ನಕ್ಷೆ ಸಾಧನದೊಳಗೇ ಉಳಿಯುತ್ತದೋ ಕಂಪನಿಯ ಸರ್ವರ್‌ಗೆ ಹೋಗುತ್ತದೋ ಎಂದು ಕೇಳುವುದು ಅತಿಯಾಯಿತು ಅನ್ನುವ ಹಾಗಿಲ್ಲ.

ಮತ್ತೆ ಅಮ್ಮನ ಪ್ರಶ್ನೆಗೆ ಬರೋಣ. ಗೊತ್ತಿಲ್ಲ ಅನ್ನುವುದಾದರೂ ಗೊತ್ತಾ? ಕೆಲವಕ್ಕೆ ಸ್ವಲ್ಪ ಗೊತ್ತು. ಟಿ265 ತನ್ನ ಮೇಲೆ ತನಗೆಷ್ಟು ನಂಬಿಕೆ ಅಂತ 0ಯಿಂದ 3ರವರೆಗೆ ಅಂಕ ಹೇಳುತ್ತಿತ್ತು. ಆದರೆ ಚುಕ್ಕೆಗಳು ಚೆನ್ನಾಗಿ ಕಾಣುತ್ತಿವೆ ಅನ್ನುವುದು ಬೇರೆ, ಜಾಗ ಸರಿಯಿದೆ ಅನ್ನುವುದು ಬೇರೆ. ಕ್ಯಾಮೆರಾ ಚಿತ್ರದಲ್ಲಿ ಸೋಫಾ ಇಟ್ಟು ತೋರಿಸುವಂಥ ಆ್ಯಪ್‌ಗಳಿಗೆ ಆಧಾರವಾದ ಐಫೋನಿನ ಎಆರ್‌ಕಿಟ್ ಕಾರಣವನ್ನೂ ಕೊಡುತ್ತದೆ: ಈಗಷ್ಟೇ ಶುರುವಾಗಿದೆ, ತುಂಬಾ ಜೋರಾಗಿ ಅಲ್ಲಾಡಿಸುತ್ತಿದ್ದೀರಿ, ಗುರುತು ಸಾಲುತ್ತಿಲ್ಲ, ಹಳೆಯ ಜಾಗ ಹುಡುಕುತ್ತಿದ್ದೇನೆ. ಶೇಕಡಾವಾರು ಅಂಕಿಗಿಂತ ಈ ಥರದ ಮಾತು ನನಗೆ ಹೆಚ್ಚು ಹಿಡಿಸುತ್ತದೆ.

ಹಾಗಾಗಿ ಟ್ರ್ಯಾಕಿಂಗ್ ಇರುವ ಯಾವುದನ್ನಾದರೂ ಕೊಳ್ಳುವ ಮುಂಚೆ, ಸುತ್ತು ಹಾಕಿ ಹೊರಟಲ್ಲಿಗೇ ಬರುವ ಪರೀಕ್ಷೆ ಬಿಟ್ಟು ಬೇರೆ ಮಾಡಿ. ನೆಲಕ್ಕೆ ಒಂದು ಟೇಪ್ ತುಂಡು ಅಂಟಿಸಿ, ಅದರಿಂದ ಅಳತೆ ಮಾಡಿಟ್ಟ ಇನ್ನೊಂದು ಜಾಗಕ್ಕೆ ಹೋಗಿ, ಅಲ್ಲೇ ನಿಂತು ಓದಿ. ಆಮೇಲೆ ಲೆನ್ಸ್‌ಗೆ ಕೈ ಅಡ್ಡ ಇಟ್ಟುಕೊಂಡು ಬೇರೆ ಕೋಣೆಗೆ ಹೋಗಿ ಕೈ ತೆಗೆಯಿರಿ. ಜಾಗ ಹಿಡಿಯಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮುಂಚೆ, 'ಕಳೆದುಹೋಗಿದ್ದೇನೆ' ಎಂದು ಒಪ್ಪಿಕೊಳ್ಳಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ನಾನು ನಮ್ಮ ರೋಬೋ ಮೇಲೆ ಈ ಪರೀಕ್ಷೆ ಮಾಡಿದೆ. ಎತ್ತಿ ಕೋಣೆಯಲ್ಲಿ ಉಲ್ಟಾ ಮುಖ ಮಾಡಿ ಇಟ್ಟು ಗಡಿಯಾರ ನೋಡಿದೆ. ಒಂದು ನಿಮಿಷ ಹತ್ತು ಸೆಕೆಂಡ್ ಬೀರುವಿಗೆ ಗುದ್ದಿತು. ಆಮೇಲೆ ನಿಂತು, ಇದ್ದಲ್ಲೇ ಒಂದು ಸುತ್ತು ತಿರುಗಿ, ಇನ್ನೊಂದು ಸುತ್ತು ತಿರುಗಿ, ಬಾಗಿಲು ಹುಡುಕಿಕೊಂಡು ಹೊರಟಿತು. ಬಾಗಿಲಲ್ಲಿ ಅಮ್ಮ ನಿಂತಿದ್ದರು. ಅವರನ್ನು ಗೋಡೆ ಅಂದುಕೊಂಡು ವಾಪಸು ತಿರುಗಿತು.